ಗುರಿ ಮತ್ತು ಗುಂಡು

ಇಂದಿರಾಪುರಂನ ನಮ್ಮ ಬಡಾವಣೆಯಲ್ಲಿ ಅಂಗಡಿ ಸಾಲಿನ ನೆಲಮಾಳಿಗೆಯೊಂದನ್ನು ಒಳಾಂಗಣ ಶೂಟಿಂಗ್ ರೇಂಜ್ ಆಗಿ ಮಾರ್ಪಡಿಸುವ ಪ್ರಸ್ತಾಪ ಬಂದಿದೆ. ನಿವಾಸಿಗಳ ಸಭೆಯಲ್ಲಿ ಪರವಾಗಿ ಎಷ್ಟು ಕೈಗಳು ಎದ್ದವೋ ವಿರೋಧವಾಗಿಯೂ ಅಷ್ಟೇ ಎದ್ದವು. ನಾನು ಮಾತ್ರ ಕೈ ಎತ್ತಲಿಲ್ಲ. ಸಂಘದ ಕೆಲವು ತಾಯಂದಿರು, 'ನಮ್ಮ ಹುಡುಗಿಯರನ್ನು ಅಲ್ಲಿಗೆ ಕಳುಹಿಸಬಹುದೆ?' ಎಂದು ಕೇಳಿದ ಮೇಲೆ ಆ ಮೌನಕ್ಕೆ ಲೆಕ್ಕ ಒಪ್ಪಿಸಬೇಕಾಗಿದೆ.

ಹಿಂಜರಿಕೆಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಮದುವೆಯ ಮೆರವಣಿಗೆಯೊಂದರಲ್ಲಿ ಹಾರಿಸಿದ ಗುಂಡು ನಮ್ಮ ಬಾಲ್ಕನಿಯ ಗಾಜನ್ನು ಒಡೆದಿತ್ತು. ಸ್ವಲ್ಪ ಮೊದಲು ನನ್ನ ಮಗಳು ಅಲ್ಲಿಯೇ ನಿಂತು ಬ್ಯಾಂಡು ಕೇಳುತ್ತಿದ್ದಳು. ಇಂತಹ ಸಂಭ್ರಮದ ಗುಂಡಿಗೆ ಎರಡು ವರ್ಷಗಳವರೆಗಿನ ಸೆರೆ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು 2019ರಲ್ಲಿ ಶಸ್ತ್ರಾಸ್ತ್ರ ಕಾಯಿದೆಯನ್ನೇ ತಿದ್ದಬೇಕಾಯಿತು. ಬಂದೂಕು ಪ್ರತಿಷ್ಠೆಯ ಆಭರಣವಾದ ನೆಲವಿದು.

ಆದರೆ ಇದೇ ನೆಲದ ಇನ್ನೊಂದು ಮುಖವೂ ಉಂಟು. ನಮಗೆ ದೂರವಲ್ಲದ ಬಾಗಪತ್ ಜಿಲ್ಲೆಯ ಜೋಹ್ರಿ ಗ್ರಾಮದಲ್ಲಿ ಚಂದ್ರೋ ತೋಮರ್ ಅರವತ್ತು ದಾಟಿದ ಮೇಲೆ ಪಿಸ್ತೂಲು ಹಿಡಿದರು. ಸೆರಗು ಮರೆಮಾಡಿದ್ದ ಮುಖಗಳು ಗುರಿಯನ್ನು ನೇರ ನೋಡಲು ಕಲಿತವು. ಹರಿಯಾಣದ ಝಜ್ಜರ್ ಜಿಲ್ಲೆಯ ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದರು. ನಮ್ಮ ಕೊಡಗನ್ನೇ ನೋಡಿ. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲುತ್ತದೆ, ಅನಂತರ ತೆಂಗಿನಕಾಯಿಗೆ ಗುರಿ. ಅಲ್ಲಿ ಆಯುಧಕ್ಕೆ ಮರ್ಯಾದೆಯ ಮೇರೆ ಇದೆ.

ಕ್ರೀಡೆಯ ಸಾರವೂ ಆ ಮೇರೆಯೇ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಸಿಟ್ಟಿನಲ್ಲಿರುವವನಿಗೆ ಅದು ಸಿಕ್ಕುವುದಿಲ್ಲ. ಉಸಿರನ್ನು ಹಿಡಿತಕ್ಕೆ ತಂದುಕೊಂಡವನಿಗೆ ಮಾತ್ರ ಒಲಿಯುತ್ತದೆ. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ನಿರ್ಮಾಣವಾದ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜ್ ಯಮುನೆಯ ಆಚೆಗಿದೆ. ಶಾಲೆ ಮುಗಿಸಿ ಬಂದ ಮಗು ದಿನವೂ ಅಲ್ಲಿಗೆ ಹೋಗಿಬರುವುದು ಕಷ್ಟ. ಹತ್ತಿರದ ತಾಣದ ಲಾಭ ಇಲ್ಲಿದೆ.

ಆತಂಕಗಳೂ ಸುಳ್ಳಲ್ಲ. ಗುಂಡುಗಳು ಬಹುತೇಕ ಸೀಸದವು. ಮಕ್ಕಳ ರಕ್ತದಲ್ಲಿ ಸೀಸದ ಯಾವ ಪ್ರಮಾಣವೂ ಸುರಕ್ಷಿತವೆಂದು ಸಾಬೀತಾಗಿಲ್ಲ. ಗಾಳಿಯಾಡದ ಕೋಣೆಯಲ್ಲಿ ಅದರ ಧೂಳು ನೆಲದಲ್ಲಿ, ಕೈಯಲ್ಲಿ, ಬಟ್ಟೆಯಲ್ಲಿ ಕೂರುತ್ತದೆ. ನೆಲಮಾಳಿಗೆ ಎಂದೊಡನೆ, 2024ರ ಜುಲೈನಲ್ಲಿ ಹಳೆ ರಾಜೇಂದ್ರನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತುದು ನೆನಪಾಗುತ್ತದೆ. ನಿಗದಿತ ಮಿತಿಯೊಳಗಿನ 0.177 ಅಂಗುಲದ ಏರ್ ರೈಫಲ್‌ಗೆ ಪರವಾನಗಿಯೂ ಬೇಡ. ಕಾನೂನು ಸಡಿಲ ಬಿಟ್ಟಲ್ಲಿ ಶಿಸ್ತಿನ ಹೊಣೆ ನಮ್ಮದಾಗುತ್ತದೆ.

ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ತಿಳಿದಿರುವುದಿಷ್ಟು: ಬೇಡವೆಂದು ಬರೆಯುವುದು ಸುಲಭ, ಷರತ್ತು ಬರೆದು ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು ಕಷ್ಟ. ಆ ಕಷ್ಟವನ್ನೇ ನಾವು ಆರಿಸಿಕೊಳ್ಳಬೇಕು. ತಾಣ ನೆಲಮಾಳಿಗೆಯಲ್ಲಿ ಬೇಡ, ಮೇಲಂತಸ್ತಿನಲ್ಲಿರಲಿ. ಎರಡು ದಾರಿಗಳೂ ಹೊರಹಾಕುವ ಗಾಳಿಯ ವ್ಯವಸ್ಥೆಯೂ ಇರಲಿ. ಏರ್ ರೈಫಲ್, ಏರ್ ಪಿಸ್ತೂಲುಗಳಾಚೆ ಬೇರೆ ಆಯುಧ ಒಳಬಾರದಿರಲಿ. ಒಂದೊಂದಕ್ಕೂ ಬೀಗ ಮತ್ತು ದಾಖಲೆ ಇರಲಿ. ಸಾಧನ ಕೊಳ್ಳಲಾಗದ ಮನೆಗೆಲಸದವರ ಮಕ್ಕಳಿಗೂ ಕೆಲವು ಸ್ಥಾನಗಳು ಮೀಸಲಾಗಲಿ.

ಇವಿಷ್ಟಕ್ಕೆ ಒಪ್ಪಿದರೆ ಮುಂದಿನ ಸಭೆಯಲ್ಲಿ ನನ್ನ ಕೈ ಏಳುತ್ತದೆ. ಒಡೆದ ಗಾಜಿನ ಬಳಿ ನಿಂತಿದ್ದ ಮಗಳಿಗೆ ಈ ಮಾತನ್ನು ಮೊದಲು ಹೇಳಿದೆ. 'ಹಾಗಾದರೆ ಮೊದಲ ಹೆಸರು ನನ್ನದು' ಎಂದಳು.