ಹದಿನೇಳು ಮಾತ್ರೆಗಳ ಸವಿ

ಪದ್ಯವನ್ನು ಓದಿಸಿದೊಡನೆ ಅದರ ತಾತ್ಪರ್ಯವನ್ನು ಬರೆಸುವುದು ಕನ್ನಡ ತರಗತಿಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಷಟ್ಪದಿಗೆ ಇದು ಒಪ್ಪುತ್ತದೆ. ಸರ್ವಜ್ಞನ ತ್ರಿಪದಿಗಂತೂ ಚೆನ್ನಾಗಿ ಒಪ್ಪುತ್ತದೆ. ಆದರೆ ತಾತ್ಪರ್ಯವೇನೆಂದು ಕೇಳಿದ ಕ್ಷಣದಲ್ಲಿಯೇ ಬಾಡಿಹೋಗುವ ಒಂದು ಪದ್ಯಜಾತಿಯುಂಟು. ಅದು ಜಪಾನಿನ ಹೈಕು. ಕನ್ನಡದಲ್ಲಿಯೂ ಇಂದು ಹೈಕು ಬರೆಯುವವರು ಅನೇಕರಿದ್ದಾರೆ. ಅಕ್ಷರಗಳನ್ನು ಎಣಿಸುವುದರಲ್ಲಿ ಅವರು ತೋರುವ ಶ್ರದ್ಧೆ ಕಣ್ಣಿಟ್ಟು ನೋಡುವುದರಲ್ಲಿಯೂ ತೋರಿದ್ದರೆ ಈ ಮಾತನ್ನು ಎತ್ತುವ ಅಗತ್ಯ ಬೀಳುತ್ತಿರಲಿಲ್ಲ.

ಹೈಕು ಸ್ವತಂತ್ರ ಪದ್ಯವಾಗಿ ಹುಟ್ಟಿದುದಲ್ಲ. ಹಲವರು ಕೂಡಿ ಕುಳಿತು ಸರದಿಯಂತೆ ಕಟ್ಟುತ್ತಿದ್ದ ರೆಂಗಾ ಎಂಬ ಮಾಲಿಕೆಯ ಮೊದಲ ಪದ್ಯ ಅದು. ಆಗ ಅದಕ್ಕೆ ಹೊಕ್ಕು ಎಂದು ಹೆಸರು. ಬಾಶೋ (1644–1694) ಅದಕ್ಕೆ ಗಾಂಭೀರ್ಯವನ್ನು ತಂದನು. ಹೈಕು ಎಂಬ ಹೆಸರನ್ನು ರೂಢಿಗೊಳಿಸಿದವನು ಬಹಳ ಈಚಿನ ಶಿಕಿ (1867–1902). ಬೆನ್ನೆಲುಬಿನ ಕ್ಷಯದಿಂದ ಹಾಸಿಗೆ ಹಿಡಿದ ಈ ಕವಿ ತನ್ನ ಕೊನೆಯ ಪದ್ಯಗಳನ್ನು ಬರೆದದ್ದು ಹಿತ್ತಿಲ ತುಪ್ಪದ ಹೀರೆಯನ್ನು ಕುರಿತು. ಕಾವ್ಯಕ್ಕೆ ಹಿಮಾಲಯವೇ ಬೇಕೆನ್ನುವವರು ಇದನ್ನು ನೆನೆಯಬೇಕು.

ಬಾಶೋ ಉತ್ತರ ಜಪಾನಿನ ಕಾಲ್ನಡಿಗೆಗೆ ಹೊರಟ 1689ರಲ್ಲಿ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆ ನಡೆದಿತ್ತು. ಅವರ ಅರಮನೆಯ ಸಂಚಿಯ ಹೊನ್ನಮ್ಮ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ರಚಿಸಿದುದೂ ಆ ಆಳ್ವಿಕೆಯಲ್ಲಿಯೇ. ಒಬ್ಬಳು ಬಾಳಿನ ನೀತಿಯನ್ನು ಹೇಳಲು ಕಾವ್ಯವನ್ನು ಹಿಡಿದಳು. ಇನ್ನೊಬ್ಬನು ಕಂಡದ್ದನ್ನು ಇಟ್ಟು, ಹೇಳುವುದನ್ನೇ ಬಿಟ್ಟನು. ಎರಡೂ ಕಾವ್ಯವೇ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಮಾತ್ರ ಅನ್ಯಾಯ.

ಛಂದಸ್ಸಿನ ವಿಚಾರವನ್ನು ಇಲ್ಲಿ ತುಸು ಬಿಡಿಸಿ ನೋಡಬೇಕು. ಐದು, ಏಳು, ಐದು ಎಂದು ಹೈಕುವಿಗೆ ಹದಿನೇಳರ ಲೆಕ್ಕ. ಕನ್ನಡದ ಹೈಕುಕಾರರು ಹದಿನೇಳು ಅಕ್ಷರಗಳನ್ನು ಎಣಿಸುವುದು ಸಾಮಾನ್ಯ. ಇಂಗ್ಲಿಷಿನ ಮಾರ್ಗವಾಗಿ ಬಂದ ಎಣಿಕೆ ಅದು. ಜಪಾನೀಯರು ಎಣಿಸುವುದು ಅಕ್ಷರವನ್ನಲ್ಲ, ಹೆಚ್ಚು ಕಡಿಮೆ ಮಾತ್ರೆಯನ್ನು. ಅವರಲ್ಲಿ ದೀರ್ಘಸ್ವರಕ್ಕೆ ಎರಡು ಎಣಿಕೆ. ಪದಾಂತ್ಯದ ನಕಾರಕ್ಕೂ ಒತ್ತಿನ ಅರ್ಧವ್ಯಂಜನಕ್ಕೂ ಒಂದೊಂದು ಎಣಿಕೆ. 'ನಿಪ್ಪೊನ್' ಎಂಬುದು ಅವರ ಲೆಕ್ಕದಲ್ಲಿ ನಾಲ್ಕು. ಕನ್ನಡ ಛಂದಸ್ಸಿನಂತೆ ಪ್ರಸ್ತಾರ ಹಾಕಿದರೂ ಎರಡು ಗುರು, ನಾಲ್ಕೇ ಮಾತ್ರೆ! 'ಟೋಕ್ಯೋ' ಎಂಬುದೂ ಹಾಗೆಯೇ. ಲಘು ಗುರುಗಳನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಹೈಕುವಿನ ಒಳಗುಟ್ಟು ಇಂಗ್ಲಿಷ್ ಓದುಗನಿಗಿಂತ ಸುಲಭವಾಗಿ ಸಿಕ್ಕಬೇಕು. ಇದನ್ನು ತರಗತಿಯಲ್ಲಿ ಯಾರೂ ಹೇಳದಿರುವುದು ವಿಷಾದಕರ.

ಉದಾಹರಣೆಗೆ, ಪಾಂಡವಪುರದ ಕಡೆಯ ಆಲೆಮನೆಯೊಂದನ್ನು ಎಣಿಸಿಕೊಳ್ಳಬಹುದು. ಅಕ್ಷರದ ಲೆಕ್ಕದಲ್ಲಿ ಬರೆದರೆ:

ಆಲೆ ನಿಂತಿತು
ತಣಿದ ಕೊಪ್ಪರಿಗೆ
ನೀರಲಿ ಚಂದ್ರ

ಮಾತ್ರೆಯ ಲೆಕ್ಕದಲ್ಲಿ ಬರೆದರೆ:

ಆಲೆ ನಿಲೆ
ಕೊಪ್ಪರಿಗೆಯಲಿ
ಚಂದಿರನು

ಮೊದಲನೆಯದು ಇಪ್ಪತ್ತೆರಡು ಮಾತ್ರೆ, ಎರಡನೆಯದು ಸರಿಯಾಗಿ ಹದಿನೇಳು. ಎರಡನೆಯದರಲ್ಲಿ ನೀರೂ ಇಲ್ಲ, ತಣಿದದ್ದೂ ಇಲ್ಲ. ಅವೆರಡನ್ನೂ ಓದುವವನೇ ತುಂಬಿಕೊಳ್ಳಬೇಕು. ಹೈಕುವಿನ ಸವಿ ಇರುವುದು ಈ ತುಂಬಿಕೊಳ್ಳುವುದರಲ್ಲಿ. ಆದಕಾರಣ ಮಾತ್ರೆಯ ಲೆಕ್ಕವೇ ಹೆಚ್ಚು ನ್ಯಾಯವಾದುದು. ಅಕ್ಷರದ ಲೆಕ್ಕದಲ್ಲಿ ವಿಶೇಷಣಗಳು ನುಸುಳಲು ಎಡೆ ಸಿಕ್ಕುತ್ತದೆ. ಇನ್ನು ಇದೇ ಪದ್ಯದ ಮೂರನೆಯ ಸಾಲಿಗೆ 'ಬಾಳೂ ಹೀಗೆಯೇ' ಎಂದು ಬರೆದು ನೋಡಬೇಕು. ಅಕ್ಷರಗಳು ಐದೇ. ಎಣಿಕೆ ಗೆದ್ದಿತು, ಪದ್ಯ ಸತ್ತಿತು. ಅಚ್ಚಾಗುವ ಹೈಕುಗಳಲ್ಲಿ ಹಲವು ಹೀಗೆ ಮೂರನೆಯ ಸಾಲಿನಲ್ಲಿ ಪ್ರಾಣ ಬಿಡುತ್ತವೆ.

ಈ ದೋಷಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ಕನ್ನಡಿಗನಿಗೆ ಕಿರಿದಾದ ಪದ್ಯವೆಂದರೆ ಒಂದು ಸರ್ವಜ್ಞನ ನೀತಿ, ಇಲ್ಲವೇ ದಿನಕರ ದೇಸಾಯಿಯವರ ಚುಟುಕದ ಚುಚ್ಚು, ಇಲ್ಲವೇ ಡುಂಡಿರಾಜರ ಹನಿಗವನದ ನಗೆ. ಮೂರಕ್ಕೂ ಕೊನೆಯಲ್ಲಿ ಒಂದು ಕೊಂಡಿಯುಂಟು. ಆ ಕೊಂಡಿಯೇ ಅವುಗಳ ಬಲ. ಹೈಕುವಿಗೆ ಕೊಂಡಿಯಿಲ್ಲ. ವಚನಕ್ಕಿರುವಂತೆ ಅಂಕಿತವೂ ಇಲ್ಲ. ಅದು ಯಾರನ್ನೂ ಕರೆದು ಹೇಳುವುದಿಲ್ಲ. ಆದರೂ ಕನ್ನಡದಲ್ಲಿ ಅದಕ್ಕೆ ನೆಂಟರಿಲ್ಲವೆಂದಲ್ಲ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಿಂದೆಯೇ ತ್ರಿಪದಿ ಕಾಣಿಸಿಕೊಂಡಿದೆ. ಅಂದಿನಿಂದ ಮೂರು ಸಾಲಿನ ಅಳತೆ ಈ ಭಾಷೆಯ ಕಿವಿಗೆ ಒಗ್ಗಿದೆ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳಲ್ಲಿ ಬರಿಯ ಒಂದು ನೋಟವನ್ನಿಟ್ಟು ಸುಮ್ಮನಾಗುವವು ಎಷ್ಟೋ. ಹೈಕುವಿಗೆ ಸರ್ವಜ್ಞನಿಗಿಂತ ಆ ಹೆಣ್ಣುಮಕ್ಕಳೇ ಹತ್ತಿರ. ಪ್ರಾಕೃತದ 'ಗಾಥಾಸಪ್ತಶತಿ'ಯೂ ಇದೇ ದಾರಿಯದು. ಅದೂ ಮಾತ್ರಾಬದ್ಧ, ಅಲ್ಲಿಯೂ ಹೊಲ, ಹೊಳೆ, ಹಳ್ಳಿ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯನ್ನು ನಿರೂಪಿಸುವಾಗ ಅಂತಹ ಗಾಥೆಗಳನ್ನೇ ಉದಾಹರಿಸಿದನು. ಹೇಳದೆ ಉಳಿದದ್ದೇ ಕಾವ್ಯದ ಆತ್ಮವೆಂದು ಒಪ್ಪಿದ ನಾಡಿಗೆ ಹೈಕು ಪರಕೀಯವಾಗಲಾರದು.

ಹೈಕುವಿನಲ್ಲಿ ಋತುವನ್ನು ಸೂಚಿಸುವ ಒಂದು ಮಾತು ಇರಬೇಕೆಂಬ ನಿಯಮವುಂಟು. ಅದಕ್ಕೆ ಕಿಗೊ ಎನ್ನುತ್ತಾರೆ. ಅಂತಹ ಮಾತುಗಳ ಕೋಶಗಳೇ ಜಪಾನಿನಲ್ಲಿವೆ. ಕನ್ನಡಿಗರು ಅವನ್ನು ಎರವಲು ತಂದು ಚೆರಿಹೂವು, ಹಿಮ ಎಂದು ಬರೆಯುವುದು ನಗೆಗೀಡು. ಇಲ್ಲಿಯ ರೈತನಿಗೆ ವರ್ಷವೆಂದರೆ ಮಳೆನಕ್ಷತ್ರಗಳ ಸಾಲು: ರೋಹಿಣಿ, ಆರಿದ್ರಾ, ಮಖೆ, ಹಸ್ತ, ಸ್ವಾತಿ. ಒಂದೊಂದು ಹೆಸರಿಗೂ ಒಂದೊಂದು ಬಿತ್ತನೆ, ಒಂದೊಂದು ವಾಸನೆ. ಮೇಲುಕೋಟೆಯ ವೈರಮುಡಿಯ ರಾತ್ರಿ, ರಂಗನತಿಟ್ಟಿನಲ್ಲಿ ಕೊಕ್ಕರೆ ಗೂಡು ಕಟ್ಟುವ ದಿನ, ನಾಗಮಂಗಲದ ಬೆದ್ದಲಿನಲ್ಲಿ ಅವರೆಯ ಸೊಗಡು, ಕೃಷ್ಣರಾಜಪೇಟೆಯ ಗದ್ದೆಗೆ ನಾಲೆಯ ನೀರು ಬಿಡುವ ಬೆಳಗು: ಇವೆಲ್ಲ ಈ ನಾಲ್ಕು ತಾಲ್ಲೂಕುಗಳ ಕಿಗೊಗಳೇ. ಮಳೆಯ ಹೆಸರನ್ನು ಪಂಚಾಂಗ ನೋಡದೆ ಹೇಳಬಲ್ಲ ಮಕ್ಕಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ, ಋತುವಿನ ಮಾತನ್ನು ಹುಡುಕಿ ತಾ ಎಂದು ಮಗುವನ್ನು ಹೊರಗೆ ಕಳುಹಿಸುವ ಪದ್ಯಕ್ಕೆ ಪಠ್ಯದಲ್ಲಿ ಎಡೆ ಕೊಡದಿರುವುದು ನಷ್ಟ.

ಹೊರಗಿನದನ್ನು ಒಳಗಿನದಾಗಿ ಮಾಡಿಕೊಳ್ಳುವ ಬಗೆಯನ್ನು ತೋರಿದವರು ಈ ನೆಲದವರೇ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀ.ಯವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಇಂಗ್ಲಿಷಿನ ನಡಿಗೆಯನ್ನು ಹೊತ್ತು ತರಲಿಲ್ಲ. ಕನ್ನಡದ ಮಾತ್ರಾಗಣಗಳನ್ನೇ ಹೊಸದಾಗಿ ಹೊಂದಿಸಿದರು. ಹೈಕುವಿಗೂ ಆ ನ್ಯಾಯ ದೊರೆಯಬೇಕು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' (1942) ಮನೆಯಂಗಳದ ಸಾಮಾನ್ಯ ಸಂಗತಿಗಳಿಂದಲೇ ಅರಳಿತು, ಮೇಲುಕೋಟೆಯ ಪು.ತಿ.ನ. ಅವರಿಗೆ ಊರಿನ ಬೆಟ್ಟಬಯಲುಗಳೇ ಭಾವದ ನೆಲೆಯಾದುವು. ಅವರ ಊರಿನ ಮಕ್ಕಳಿಗೆ ನೋಡಲು ವಸ್ತುವಿಲ್ಲವೆಂದು ಯಾರೂ ಹೇಳಲಾರರು.

ಉಪಾಧ್ಯಾಯರು ಮಾಡಬೇಕಾದುದು ಹೆಚ್ಚೇನಿಲ್ಲ. ಒಬ್ಬ ವಿದ್ಯಾರ್ಥಿ ಮೂರು ಸಾಲು ಬರೆಯಲಿ. ಅದಕ್ಕೆ ಹೊಂದುವಂತೆ ಪಕ್ಕದವನು ಏಳೇಳು ಮಾತ್ರೆಗಳ ಎರಡು ಸಾಲು ಕೂಡಿಸಲಿ. ಅದೇ ರೆಂಗಾ. ಸಮಸ್ಯಾಪೂರಣವನ್ನು ಬಲ್ಲವರಿಗೆ ಇದು ಹೊಸ ಆಟವಲ್ಲ. ತಾತ್ಪರ್ಯವನ್ನು ಮಾತ್ರ ಕೇಳಕೂಡದು. ಏನು ಕಂಡಿತು, ಎಲ್ಲಿ ಕಂಡಿತು ಎಂದಷ್ಟೇ ಕೇಳಬೇಕು. ಭಾಷಣಕ್ಕೂ ಪ್ರಬಂಧಕ್ಕೂ ಪಾರಿತೋಷಕಗಳನ್ನಿಡುವ ದಾನಿಗಳು ಹೈಕುವಿಗೆ ಬಹುಮಾನವಿಡದಿದ್ದರೇ ಒಳ್ಳೆಯದು. ಬಹುಮಾನವೆಂದೊಡನೆ 'ಬಾಳೂ ಹೀಗೆಯೇ' ಮರಳಿ ಬರುತ್ತದೆ. ಅದರ ಬದಲು ತರಗತಿಗೊಂದು ಗೆರೆಯಿಲ್ಲದ ಪುಸ್ತಕವನ್ನು ಕೊಡಿಸಿದರೆ ಸಾಕು. ಶಾಲೆ ತೆರೆದ ಕೆಲವೇ ದಿನಗಳಲ್ಲಿ, ಜೂನ್ ಎರಡನೆಯ ವಾರದ ಹೊತ್ತಿಗೆ, ರೋಹಿಣಿ ಮುಗಿದು ಮೃಗಶಿರಾ ಹಿಡಿಯುತ್ತದೆ. ಮೊದಲ ಪುಟವನ್ನು ಆ ಮಳೆಗೆ ಬಿಟ್ಟಿಡಬಹುದು.