ಕೈಗೆ ಚೀಟಿ ಕೊಡಬ್ಯಾಡ್ರಿ

ಗುಂಪಿನ ಜೊತೆ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದ ನಮ್ಮ ಕಡೆಯೋರ್ನ ಕೇಳಿ ನೋಡ್ರಿ. ಯುಂಗ್‌ಫ್ರೌ ರೈಲಿನ ಮಾತು ಒಂದು ನಿಮಿಷ, ಚಾಕಲೇಟಿನ ರೇಟು ಹತ್ತು ನಿಮಿಷ!

ಆ ರೈಲು ಸಾಮಾನ್ಯದ್ದಲ್ಲ ಕಣ್ರೀ. 1896ರಾಗೆ ಕೆಲಸ ಶುರುವಾಗಿ 1912ಕ್ಕೆ ಮುಗೀತು. ಬೆಟ್ಟದ ಹೊಟ್ಟೆಯೊಳಗೆ ಸುಮಾರು 7 ಕಿಲೋಮೀಟರ್ ಸುರಂಗ. ಮೇಲಿನ ಸ್ಟೇಷನ್ 3,454 ಮೀಟರ್ ಎತ್ತರದಾಗೈತೆ, ಯೂರೋಪಿಗೇ ಎತ್ತರದ್ದು. ಕೊರೆದೋರು ಹೆಚ್ಚಾಗಿ ಇಟಲಿಯಿಂದ ಬಂದ ಕೂಲಿಯೋರು. ಎಷ್ಟೋ ಜನ ಅಲ್ಲೇ ಜೀವ ಬಿಟ್ರು. ನಮ್ಮ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೂ ಅದೇ ಕಾಲದ್ದು, 1907ಕ್ಕೆ ಮುಗಿದದ್ದು. ಅದನ್ನ ನೋಡಿದೋರಿಗೆ ಇಂಥ ಕೆಲಸದ ಬೆಲೆ ತಿಳೀತೈತೆ.

ಆದ್ರೆ ಅಷ್ಟು ಎತ್ತರದಾಗೂ ಚಾಕಲೇಟ್ ಅಂಗಡಿ ಐತೆ, ಕೈಯಾಗೆ ಚೀಟಿನೂ ಐತೆ: ನಾದಿನಿಗೆ, ಓರಗಿತ್ತಿಗೆ, ಎದುರುಮನೆಯೋರಿಗೆ. ಗೈಡು ಕೊಟ್ಟ ಹೊತ್ತಿನಾಗೆ ಅರ್ಧ ಬಿಲ್ಲಿನ ಸಾಲಿಗೇ ಹೋಗ್ತೈತೆ. ಇದು ಹೋದೋರ ತಪ್ಪಲ್ಲ. ಬರಿಗೈಲಿ ಬಂದ್ರೆ ಮುಖ ಊದಿಸ್ಕೊಳ್ಳೋರು ಮನೇಲಿರ್ತಾರಲ್ಲ, ಅವರ್ದು.

ಪಿಂಚಣಿ ದುಡ್ಡು ಕೂಡಿಟ್ಟು ಜೀವಮಾನಕ್ಕೊಂದು ಸಲ ಹೋಗೋ ಅಪ್ಪ ಅಮ್ಮನ ಕೈಗೆ ಚೀಟಿ ಕೊಡಬ್ಯಾಡ್ರಿ. ವಾಪಸ್ ಬಂದ್ಮೇಲೆ ಒಂದು ಲೋಟ ಕಾಫಿ ಕೊಟ್ಟು, "ಸುರಂಗ ಹೆಂಗಿತ್ತಮ್ಮ?" ಅಂತ ಕೇಳ್ರಿ. ಚಾಕಲೇಟು ಚಿತ್ರದುರ್ಗದ ಪೇಟೆಯಾಗೂ ಸಿಗ್ತೈತೆ.