ಮುಸ್ಸಂಜೆಯ ದೀಪಕ್ಕೆ ಸಾಲ ಯಾಕೆ?



ನಿಮ್ಮ ಪಿಕಪ್ ಗಾಡಿಯ ಹೆಡ್‌ಲೈಟು ಸಂಜೆ ಎಷ್ಟು ಹೊತ್ತಿಗೆ ಹತ್ತುತ್ತದೆ? ದೇವರ ಮುಂದೆ ದೀಪ ಹಚ್ಚುವ ಹೊತ್ತು ಮನೆಯ ಹೆಂಗಸರಿಗೆ ಗೊತ್ತು. ಕೊಟ್ಟಿಗೆಗೆ ತಿರುಗುವ ಹೊತ್ತು ದನಕ್ಕೂ ಗೊತ್ತು. ಗಾಡಿಯ ದೀಪದ ಹೊತ್ತು ಮಾತ್ರ ಯಾರಿಗೂ ಗೊತ್ತಿಲ್ಲ. "ಇನ್ನೂ ಕಾಣ್ತದೆ ಬಿಡು" ಅಂತ ಓಡಿಸುತ್ತಲೇ ಇರುತ್ತೇವೆ. ಎದುರಿನವನು ಬಯ್ದು ಕೈ ಬೀಸಿದ ಮೇಲೆ ಸ್ವಿಚ್ಚಿಗೆ ಕೈ ಹೋಗುತ್ತದೆ.

ಇದು ಸೋಮಾರಿತನ ಅಲ್ಲ ಸ್ವಾಮಿ, ಕಣ್ಣಿನ ಮೋಸ. ಬೆಳಕು ಒಂದೇಟಿಗೆ ಹೋದರೆ ತಕ್ಷಣ ಗೊತ್ತಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಇಳಿದರೆ ಕಣ್ಣೂ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತ ಹೋಗುತ್ತದೆ. ಸ್ಟೀರಿಂಗ್ ಹಿಡಿದವನಿಗೆ ರಸ್ತೆ ಕಾಣುತ್ತಲೇ ಇರುತ್ತದೆ. ಆದರೆ ನಮಗೆ ರಸ್ತೆ ಕಾಣುವುದು ಬೇರೆ, ರಸ್ತೆಯಲ್ಲಿರುವವರಿಗೆ ನಾವು ಕಾಣುವುದು ಬೇರೆ. ಎದುರಿನಿಂದ ಬೈಕಿನಲ್ಲಿ ಬರುವವನಿಗೆ, ಹಿಂದಿನಿಂದ ಬರುವ ಲಾರಿಯವನಿಗೆ ನಮ್ಮ ಬೂದು ಬಣ್ಣದ ಗಾಡಿ ಬೂದು ಬಣ್ಣದ ರಸ್ತೆಯಲ್ಲಿ ಕರಗಿಹೋಗಿರುತ್ತದೆ.

ನಮ್ಮ ಮಾಲು ಹೊರಡುವ ಹೊತ್ತೂ ಅಂಥದ್ದೇ. ಟೊಮೇಟೊ ಬಿಡಿಸಿ, ಹದಿನೈದು ಕೆ.ಜಿ. ಬಾಕ್ಸು ತುಂಬಿ, ಕೋಲಾರದ ಮಾರುಕಟ್ಟೆಗೆ ಗಾಡಿ ತಿರುಗುವಾಗ ಹೊತ್ತು ಮುಳುಗಿರುತ್ತದೆ. ರೇಷ್ಮೆಗೂಡು ಹೇರಿಕೊಂಡು ರಾಮನಗರಕ್ಕೆ ಹೊರಡುವವನು ಕೋಳಿ ಕೂಗುವ ಮೊದಲೇ ಎದ್ದಿರುತ್ತಾನೆ. ಹೂವಿನವರದೂ ಅದೇ ಪಾಡು. ಹಗಲೆಲ್ಲ ಹೊಲದಲ್ಲಿ ದುಡಿದು, ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಹೊತ್ತಿನಲ್ಲಿ ರಸ್ತೆಗಿಳಿಯುವವರು ನಾವು.

ಕಾನೂನು ಏನು ಹೇಳುತ್ತದೆ ಎಂದರೆ, ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ದೀಪ ಉರಿಯಬೇಕು, ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲೂ ಉರಿಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದು ಇದೆ. ಆ ಅರ್ಧ ಗಂಟೆಯನ್ನು ಗಡಿಯಾರ ನೋಡಿ ಲೆಕ್ಕ ಹಾಕುವವರು ಯಾರು?

ಇದರಲ್ಲಿ ಸಾಲದ ಮಾತು ಎಲ್ಲಿಂದ ಬಂತು ಅಂತೀರಾ? ನೋಡಿ. ಗಾಡಿ ತಂದದ್ದು ಕಂತಿನ ಮೇಲೆ. ಮೊದಲೆರಡು ವರ್ಷ ಪೂರ್ತಿ ವಿಮೆ ಕಟ್ಟಿದವರಲ್ಲಿ ಎಷ್ಟೋ ಜನ ಆಮೇಲೆ ಕೈ ಬಿಗಿ ಮಾಡಿ ಬರೀ ಥರ್ಡ್ ಪಾರ್ಟಿ ವಿಮೆಗೆ ಇಳಿಯುತ್ತಾರೆ. ಅದು ಎದುರಿನವನಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿಯ ಮುಂಭಾಗ ನಜ್ಜುಗುಜ್ಜಾದರೆ, ನೂರು ಬಾಕ್ಸ್ ಟೊಮೇಟೊ ರಸ್ತೆಗೆ ಚೆಲ್ಲಿದರೆ, ಅದು ಒಂದು ಪೈಸೆಯನ್ನೂ ಕೊಡುವುದಿಲ್ಲ. ಗಾಡಿ ಗ್ಯಾರೇಜಿನಲ್ಲಿ ನಿಂತಿದ್ದರೂ ಕಂತು ನಿಲ್ಲುವುದಿಲ್ಲ. ಬೆಲೆ ಬಿದ್ದು ಮುಳುಗಿದವನಾದರೂ ಮುಂದಿನ ಬೆಳೆಯ ಮೇಲೆ ಆಸೆ ಇಟ್ಟುಕೊಳ್ಳುತ್ತಾನೆ, ಗಾಡಿಯೂ ಹೋಗಿ ಕಾಲೂ ಮುರಿದವನ ಮನೆಯ ಲೆಕ್ಕವೇ ಬೇರೆ.

ಕತ್ತಲಾದೊಡನೆ ತಾನೇ ಹತ್ತುವ ದೀಪ ಈಗ ಕಾರುಗಳಲ್ಲಿ ಬಂದಿದೆ. ಆದರೆ ಅದನ್ನು ಮೇಲಿನ ದರ್ಜೆಯ ಮಾಡೆಲ್ಲಿಗೆ ಕಟ್ಟಿಹಾಕಿ ಮಾರುತ್ತಾರೆ. ದೀಪ ಒಂದೇ ಸಾಕು ಅಂದರೆ ಕೊಡುವುದಿಲ್ಲ, ಜೊತೆಗೆ ಬೇಡದ ಹತ್ತು ಸಾಮಾನು ತೆಗೆದುಕೊಳ್ಳಬೇಕು, ಅದೆಲ್ಲ ಕಂತಿಗೆ ಸೇರಬೇಕು, ಕಂತಿಗೆ ಬಡ್ಡಿ ಸೇರಬೇಕು. ನಮ್ಮ ಹಳ್ಳಿಗಳಲ್ಲಿ ಓಡುವ ಸಾಮಾನ್ಯ ಪಿಕಪ್‌ಗಳಲ್ಲಂತೂ ಅದರ ಸುಳಿವೇ ಇಲ್ಲ. ಮಹಾ ಹೊಸ ವಿದ್ಯೆಯೇನೋ ಎಂದುಕೊಳ್ಳಬೇಡಿ. ಎದುರು ಗಾಡಿಯ ಬೆಳಕು ಕಂಡು ತಾನೇ ಡಿಮ್ ಆಗುವ 'ಆಟ್ರಾನಿಕ್ ಐ' ಎಂಬ ಉಪಕರಣವನ್ನು ಅಮೆರಿಕದ ಕ್ಯಾಡಿಲಾಕ್ ಕಾರಿಗೆ 1952ರಲ್ಲೇ ಕೂರಿಸಿದ್ದರು. ಎಪ್ಪತ್ತು ವರ್ಷ ದಾಟಿದ ವಿದ್ಯೆಗೆ ಇಂದಿಗೂ ಹೊಸ ಬೆಲೆ ಕಟ್ಟಿ ವಸೂಲಿ ಮಾಡುತ್ತಾರೆಂದರೆ ವ್ಯಾಪಾರ ಅಂದರೆ ಹೀಗಿರಬೇಕು!

ಸರ್ಕಾರಕ್ಕೂ ಈ ವಿಷಯ ಗೊತ್ತಿಲ್ಲದೆ ಇಲ್ಲ. 2017ರ ಏಪ್ರಿಲ್ 1ರಿಂದ ಹೊಸ ಬೈಕು ಸ್ಕೂಟರುಗಳಿಗೆಲ್ಲ ಇಂಜಿನ್ ಸ್ಟಾರ್ಟ್ ಆದೊಡನೆ ದೀಪ ಉರಿಯಲೇಬೇಕು ಎಂದು ಕಡ್ಡಾಯವಾಯಿತು. ಮೊದಮೊದಲು ಊರೂರಲ್ಲಿ ಜನ ಬೆರಳು ಮುಚ್ಚಿ ಬಿಚ್ಚಿ ತೋರಿಸಿ "ಲೈಟು ಲೈಟು" ಎಂದು ಕೂಗಿ ಬೈಕಿನವರಿಗೆ ಸಾಕುಮಾಡಿದ್ದರು. ಸ್ವೀಡನ್ ದೇಶದಲ್ಲಿ 1977ರಿಂದಲೇ ಹಗಲಲ್ಲೂ ದೀಪ ಹಚ್ಚಿಕೊಂಡು ಓಡಿಸಬೇಕು. ಕೆನಡಾದಲ್ಲಿ 1989ರ ಡಿಸೆಂಬರಿನಿಂದ ಹೊಸ ಗಾಡಿಗಳಿಗೆ ಹಗಲು ದೀಪ ಕಡ್ಡಾಯ. ನಮ್ಮಲ್ಲಿ ಬೈಕಿಗೆ ಬಂತು, ಟನ್ನುಗಟ್ಟಲೆ ಹೊರುವ ಪಿಕಪ್ಪಿಗೆ ಬರಲಿಲ್ಲ. ಬರುವ ತನಕ ಕಾಯಬೇಕೆ? ಬೇಡ. ನೀವೇ ಕೂರಿಸಬಹುದು.

ಕೈಯಿಂದಾಗುವ ಕೆಲಸವೇ ಎಂಬ ಅನುಮಾನ ಬೇಡ. ಪಂಪ್‌ಸೆಟ್ಟಿನ ಸ್ಟಾರ್ಟರು ಬಿಚ್ಚಿದವರಿಗೆ ಇದು ಹೊಸದಲ್ಲ. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆದುಕೊಳ್ಳುತ್ತದೆ, ದೊಡ್ಡ ಕರೆಂಟು ಮೋಟಾರಿಗೆ ಹರಿಯುತ್ತದೆ. ಸಣ್ಣ ಕರೆಂಟು ದೊಡ್ಡ ಕರೆಂಟನ್ನು ಆಳುವುದು ಅಂದರೆ ಅಷ್ಟೆ. ಗಾಡಿಯ ರಿಲೇ ಎಂಬುದು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಸ್ಟಾರ್ಟರು. ಕರೆಂಟು ಬಂದಾಗ ಮೋಟಾರು ತಾನೇ ಓಡಲಿ ಎಂದು ಆಟೋ ಸ್ಟಾರ್ಟರು ಕೂರಿಸಿದವರು, ವಿದ್ಯುತ್ ಕಂಪನಿಯವರು ಬೇಡ ಅಂದರೂ ಬಿಡದವರು ನಾವಲ್ಲವೆ? ಇಲ್ಲಿ ಗುಂಡಿ ಒತ್ತುವ ಬೆರಳು ಎಲ್.ಡಿ.ಆರ್. ಎಂಬ ಕಡಲೆಬೇಳೆಯಷ್ಟು ಸಾಮಾನು. ಬೆಳಕು ಬಿದ್ದರೆ ಅದು ಕರೆಂಟಿಗೆ ದಾರಿ ಬಿಡುತ್ತದೆ, ಕತ್ತಲಾದರೆ ತಡೆಯುತ್ತದೆ. ಅದನ್ನು ಒಂದು ಸಣ್ಣ ರಿಲೇಯ ಜೊತೆ ಕೂರಿಸಿದ 12 ವೋಲ್ಟಿನ ಬೋರ್ಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಕತ್ತಲಿಗೂ ಬೆಳಕಿಗೂ ಕೆಲವು ಸೆಕೆಂಡು ತಡೆದು ಕೆಲಸ ಮಾಡುವಂಥದ್ದನ್ನೇ ಕೇಳಿ. ಇಲ್ಲದಿದ್ದರೆ ಸಾಲುಮರದ ಕೆಳಗೆ ಹೋದಾಗಲೆಲ್ಲ ದೀಪ ಮಿಣಕ್ ಮಿಣಕ್ ಎನ್ನುತ್ತದೆ.

ಎಲ್ಲರೂ ಕೆಡಿಸುವುದು ಮುಂದಿನ ಹೆಜ್ಜೆಯಲ್ಲಿ. ಬೋರ್ಡಿನ ಮೇಲಿನ ಸಣ್ಣ ರಿಲೇಯಿಂದಲೇ ಹೆಡ್‌ಲೈಟಿಗೆ ಕರೆಂಟು ಕೊಡಬೇಡಿ. 55 ವಾಟಿನ ಎರಡು ಬಲ್ಬು ಸೇರಿ 110 ವಾಟು. 12 ವೋಲ್ಟಿನಲ್ಲಿ ಅದು ಒಂಬತ್ತು ಆಂಪಿಯರಿಗೆ ಮೇಲೆ. ಬಲ್ಬು ತಣ್ಣಗಿದ್ದಾಗ ಹತ್ತುವ ಕ್ಷಣಕ್ಕೆ ಇದರ ಹಲವು ಪಟ್ಟು ಎಳೆಯುತ್ತದೆ. ಹತ್ತು ಆಂಪಿಯರ್ ಎಂದು ಬರೆದ ಆ ಪುಟ್ಟ ರಿಲೇಯ ಪಟ್ಟಿ ಒಂದು ದಿನ ಬೆಸೆದುಕೊಂಡುಬಿಡುತ್ತದೆ, ಆಮೇಲೆ ದೀಪ ಆರುವುದೇ ಇಲ್ಲ. ಆದುದರಿಂದ ಬೋರ್ಡು ಬರೀ ಅಪ್ಪಣೆ ಕೊಡಲಿ, ಭಾರ ಹೊರಲು 30 ಅಥವಾ 40 ಆಂಪಿಯರಿನ ಗಾಡಿ ರಿಲೇ ಬೇರೆ ಇರಲಿ. ಅದರ ಕಾಲುಗಳ ಮೇಲೆ ಅಂಕಿ ಇರುತ್ತದೆ. 85, 86 ಕಾಯಿಲ್ಲಿಗೆ. 30ಕ್ಕೆ ಬ್ಯಾಟರಿಯಿಂದ ಬರುವ ವೈರು. 87ರಿಂದ ದೀಪಕ್ಕೆ. ಬ್ಯಾಟರಿಯಿಂದ ಹೊರಟ ವೈರಿಗೆ ಗೇಣುದ್ದದೊಳಗೇ 15 ಆಂಪಿಯರ್ ಫ್ಯೂಸು ಇರಲೇಬೇಕು, ವೈರು 2.5 ಚದರ ಮಿಲಿಮೀಟರಿಗೆ ಕಡಿಮೆ ಬೇಡ. ಫ್ಯೂಸಿಲ್ಲದ ವೈರು ಬಾಡಿಗೆ ಉಜ್ಜಿ ಸಿಪ್ಪೆ ಹೋದರೆ ಗಾಡಿಯೇ ಹತ್ತಿ ಉರಿಯುತ್ತದೆ.

ರಿಲೇ ಒಂದಲ್ಲ, ಎರಡು ಬೇಕು. ಒಂದು ಹೆಡ್‌ಲೈಟಿಗೆ, ಇನ್ನೊಂದು ಪಾರ್ಕಿಂಗ್ ಮತ್ತು ಹಿಂದಿನ ಕೆಂಪು ದೀಪಕ್ಕೆ. ಎರಡಕ್ಕೂ ಅಪ್ಪಣೆ ಒಂದೇ ಬೋರ್ಡಿನಿಂದ. ಉಳಿತಾಯ ಅಂತ ಎರಡನ್ನೂ ಒಂದೇ ಕಾಲಿಗೆ ಸೇರಿಸಿದರೆ, ಬರೀ ಪಾರ್ಕಿಂಗ್ ಹಾಕಿದಾಗಲೂ ಕರೆಂಟು ಹಿಂದಕ್ಕೆ ಹರಿದು ಹೆಡ್‌ಲೈಟು ಉರಿಯುತ್ತದೆ. ಹೆಡ್‌ಲೈಟಿನ ವೈರನ್ನು ಸೇರಿಸಬೇಕಾದ್ದು ದೀಪದ ಸ್ವಿಚ್ಚು ದಾಟಿದ ಮೇಲೆ, ಡಿಪ್ಪರ್ ಸ್ವಿಚ್ಚಿಗಿಂತ ಮೊದಲು. ಹಾಗಾದರೆ ಡಿಮ್ಮು ಡಿಪ್ಪು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಹಳೆಯ ಸ್ವಿಚ್ಚನ್ನು ಕಿತ್ತುಹಾಕಬೇಡಿ. ಹೊಸದು ಅದರ ಪಕ್ಕದಲ್ಲಿ ಸೇರಬೇಕೇ ಹೊರತು ಅದರ ಜಾಗದಲ್ಲಲ್ಲ. ಬೋರ್ಡು ಕೆಟ್ಟ ದಿನ ಮೊದಲಿನ ಹಾಗೆ ಕೈಯಿಂದ ಹಾಕಿಕೊಂಡು ಊರು ಸೇರಬಹುದು.

ಬೋರ್ಡಿಗೆ ಮತ್ತು ಕಾಯಿಲ್ಲುಗಳಿಗೆ ಕರೆಂಟು ಎಲ್ಲಿಂದ? ಚಾವಿ ತಿರುಗಿಸಿದಾಗ ಜೀವ ಬಂದು, ಸ್ಟಾರ್ಟು ಹೊಡೆಯುವಾಗ ಒಂದು ಕ್ಷಣ ಸಾಯುವ ವೈರೊಂದು ಚಾವಿಯ ಕೆಳಗೆ ಇರುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕಿ. ಅದರಿಂದ ಕೊಟ್ಟರೆ ಮುಂಜಾನೆಯ ಚಳಿಯಲ್ಲಿ ಸ್ಟಾರ್ಟು ಹೊಡೆಯುವಾಗ ದೀಪ ಬ್ಯಾಟರಿಯನ್ನು ಹೀರುವುದಿಲ್ಲ, ಚಾವಿ ತೆಗೆದರೆ ದೀಪವೂ ಆರುತ್ತದೆ. ನೇರ ಬ್ಯಾಟರಿಗೆ ಕೊಟ್ಟಿರೋ, ರಾತ್ರಿಯೆಲ್ಲ ಅಂಗಳದಲ್ಲಿ ದೀಪ ಉರಿದು ಬೆಳಗ್ಗೆ ಗಾಡಿ ತಳ್ಳುವ ಕೆಲಸ.

ಎಲ್.ಡಿ.ಆರ್. ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಕೆಳಗೆ, ಆಕಾಶ ನೋಡುವಂತೆ ಇರಲಿ. ಮುಂದಕ್ಕೆ ಮುಖ ಮಾಡಿದರೆ ಎದುರು ಲಾರಿಯ ಬೆಳಕನ್ನು ಹಗಲೆಂದು ತಿಳಿದು ನಡುರಾತ್ರಿ ದೀಪ ಆರಿಸಿಬಿಡುತ್ತದೆ. ಗಣಪತಿಯ ಮೂರ್ತಿಗೆ ಹಾಕಿದ ಹಾರ ಅದರ ಮೇಲೆ ಬಿದ್ದರೆ ಹಗಲಲ್ಲೇ ದೀಪ ಉರಿದೀತು, ಅದರಿಂದ ಕೇಡಿಲ್ಲ. ಬೋರ್ಡಿನ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ಹೊತ್ತು ಗೊತ್ತುಮಾಡಬಹುದು. ಅಂಗಳದಲ್ಲಿ ಕೂತು ಪತ್ರಿಕೆಯ ಸಣ್ಣ ಅಕ್ಷರ ಓದಲು ಕಷ್ಟವಾಗುವುದಕ್ಕೆ ಸ್ವಲ್ಪ ಮುಂಚೆಯೇ ದೀಪ ಹತ್ತಬೇಕು.

ಇಷ್ಟಾದರೂ ಇದು ಬೆಳಕನ್ನು ಮಾತ್ರ ಬಲ್ಲ ಯಂತ್ರ, ಬುದ್ಧಿ ಇರುವುದು ನಿಮಗೆ. ಸಕಲೇಶಪುರದ ಕಡೆ ಬೆಳಗ್ಗೆ ಎಂಟಕ್ಕೆ ಮಂಜು ಕವಿದಿರುತ್ತದೆ. ಹತ್ತು ಮಾರು ಮುಂದೆ ಏನೂ ಕಾಣುವುದಿಲ್ಲ, ಆದರೆ ಆಕಾಶ ಬೆಳ್ಳಗಿರುತ್ತದೆ. ಅದು ಹಗಲೆಂದೇ ತಿಳಿಯುತ್ತದೆ, ದೀಪ ಹತ್ತುವುದಿಲ್ಲ. ಅಂಥಲ್ಲಿ ಕೈಯಿಂದಲೇ ಹಾಕಬೇಕು. ಹಾಗೆಯೇ ಟೈರು ಒಡೆದು ರಸ್ತೆ ಬದಿ ನಿಂತಿರಿ, ಚಾವಿ ತೆಗೆದಿರಿ, ಆಗ ಹಿಂದಿನ ಕೆಂಪು ದೀಪವೂ ಆರಿಹೋಗುತ್ತದೆ! ನಿಂತ ಗಾಡಿಗೆ ಹಿಂದಿನಿಂದ ಗುದ್ದುವುದೇ ರಾತ್ರಿಯ ಘೋರ ಅಪಘಾತ. ಪಾರ್ಕಿಂಗ್ ದೀಪ ಕೈಯಿಂದ ಹಾಕಿಯೇ ಕೆಳಗಿಳಿಯಿರಿ. ಕಬ್ಬಿನ ಟ್ರಾಕ್ಟರಿನವರಿಗೆ ಒಂದು ಮಾತು. ಹಿಂದಿನ ಟ್ರೈಲರಿಗೆ ದೀಪವೂ ಇಲ್ಲ, ಪ್ರತಿಫಲಕ ಪಟ್ಟಿಯೂ ಇಲ್ಲ ಎಂದ ಮೇಲೆ ಮುಂದೆ ಎಂಥ ಹೆಡ್‌ಲೈಟಿದ್ದರೂ ಹಿಂದೆ ಬರುವವನಿಗೆ ಏನು ಉಪಯೋಗ? ಮೊದಲು ಅದಕ್ಕೆ ಖರ್ಚು ಮಾಡಿ.

"ಒಂದು ಸ್ವಿಚ್ಚು ಒತ್ತೋಕೆ ಏನ್ ರೋಗ? ಇದಕ್ಕೆಲ್ಲ ಯಂತ್ರ ಬೇಕಾ?" ಎನ್ನುವ ಹಿರಿಯರಿದ್ದಾರೆ. ಗಾಡಿಯನ್ನು ಯಾವಾಗಲೂ ಯಜಮಾನನೇ ಓಡಿಸುವುದಾದರೆ ಅವರ ಮಾತು ಸರಿ. ಆದರೆ ಓಡಿಸುವವನು ಒಂದು ದಿನ ಮಗ, ಒಂದು ದಿನ ಅಳಿಯ, ಸುಗ್ಗಿಯಲ್ಲಿ ಬಾಡಿಗೆ ಡ್ರೈವರು. ಫೋನು ಕಿವಿಗೆ ಇಟ್ಟುಕೊಂಡು ಮಂಡಿ ಧಾರಣೆ ಕೇಳುತ್ತ ಹೋಗುವವನಿಗೆ ಕತ್ತಲಾದದ್ದು ಗೊತ್ತಾಗುವುದು ಯಾವಾಗ?

ಎಚ್ಚರಿಕೆ ಎರಡು ಮೂರು. ವಾರಂಟಿ ಮುಗಿಯದ ಗಾಡಿಗೆ ಕೈ ಹಾಕಬೇಡಿ, ನಾಳೆ ಬೇರೇನೋ ಕೆಟ್ಟರೂ ಇದನ್ನೇ ನೆಪ ಮಾಡುತ್ತಾರೆ. ದೀಪ, ವೈಪರು ಎಲ್ಲವನ್ನೂ ಒಂದು ಕಂಪ್ಯೂಟರ್ ಪೆಟ್ಟಿಗೆ ಆಳುವ ಈಚಿನ ಗಾಡಿಗಳಿಗೆ ಈ ಉಪಾಯ ಬೇಡವೇ ಬೇಡ. ಹಳೆಯ ಗಾಡಿಗಳಲ್ಲೂ ಕೆಲವಕ್ಕೆ ಸ್ವಿಚ್ಚು ಅರ್ತಿನ ಕಡೆ ಇರುತ್ತದೆ, ಅದನ್ನು ನೋಡದೆ ವೈರು ಸೇರಿಸಿದರೆ ಫ್ಯೂಸು ಹಾರುತ್ತದೆ. ತಿಳಿಯದಿದ್ದರೆ ಊರಿನ ವೈರಿಂಗ್ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವನ ಅರ್ಧ ದಿನದ ಕೂಲಿ ಸೇರಿದರೂ ಸಾವಿರದೈನೂರರ ಒಳಗೇ ಮುಗಿಯಬೇಕಾದ ಕೆಲಸ. ಆರ್.ಸಿ.ಯಲ್ಲಿರುವ ವಿವರ ಕಂಪನಿಯ ಮೂಲ ಅಳತೆಗೆ ಬೇರೆಯಾಗುವಂಥ ಬದಲಾವಣೆ ಮಾಡಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಂಪನಿ ಕೊಟ್ಟ ಬಲ್ಬು ಕಂಪನಿ ಕೊಟ್ಟ ಜಾಗದಲ್ಲೇ ಇರಲಿ. ದೀಪ ಬದಲಿಸುವ ನೆಪದಲ್ಲಿ ಕಣ್ಣು ಕುಕ್ಕುವ ಬಿಳಿ ಬಲ್ಬು ಹಾಕಿಸಿ ಎದುರಿನವನನ್ನು ಕುರುಡು ಮಾಡುವವರ ಸಾಲಿಗೆ ನೀವು ಸೇರಬೇಡಿ.

ಕೆಲಸ ಮುಗಿದ ಮೇಲೆ ಹಗಲಲ್ಲೇ ಗಾಡಿ ಸ್ಟಾರ್ಟ್ ಮಾಡಿ, ಎಲ್.ಡಿ.ಆರ್. ಮೇಲೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ. ಮನೆಯವರಲ್ಲಿ ಒಬ್ಬರನ್ನು ಗಾಡಿಯ ಹಿಂದೆ ನಿಲ್ಲಿಸಿ. ಮುಂದಿನ ಎರಡು, ಹಿಂದಿನ ಎರಡು ದೀಪ ಹತ್ತಿವೆ ಎಂದು ಅವರು ಹೇಳಲಿ. ಟವೆಲ್ ತೆಗೆದು ಆರುವುದನ್ನೂ ನೋಡಿ. ಹತ್ತು ಸಲ ಹೀಗೆ ಮಾಡಿ, ದೊಡ್ಡ ರಿಲೇ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಸುಡುವಷ್ಟು ಬಿಸಿಯಾಗಿದ್ದರೆ ವೈರಿನ ತುದಿ ಸಡಿಲವಾಗಿದೆ ಎಂದರ್ಥ, ಬಿಚ್ಚಿ ಮತ್ತೆ ಬಿಗಿಮಾಡಿ. ಆಮೇಲೆ ಲೋಡು ಹೇರಿ.